ಮೂಲಾ ನಕ್ಷತ್ರ, ಆಷಾಢದ ಮದುವೆ

ನನ್ನ ಜಾತಕದಲ್ಲಿ ಜನ್ಮನಕ್ಷತ್ರ ಮೂಲಾ ಎಂದು ಬರೆದಿದೆ. ಮೂಲಾ ನಕ್ಷತ್ರದ ಸೊಸೆ ಬಂದರೆ ಮಾವನಿಗೆ ಕೇಡು ಅನ್ನುವ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹಾಗೆಯೇ ಆಶ್ಲೇಷಾ ಅತ್ತೆಗೆ ಆಗಿಬರಲ್ಲ, ಜ್ಯೇಷ್ಠಾ ಗಂಡನ ಅಣ್ಣನಿಗೆ, ವಿಶಾಖಾ ಗಂಡನ ತಮ್ಮನಿಗೆ. ನನ್ನನ್ನು ನೋಡಲು ಬಂದವರಲ್ಲಿ ಒಬ್ಬರೂ ಹುಡುಗನ ನಕ್ಷತ್ರದಿಂದ ನನ್ನ ಅಪ್ಪ-ಅವ್ವನಿಗೆ ಏನಾಗುತ್ತದೆ ಎಂದು ಲೆಕ್ಕ ಹಾಕಲಿಲ್ಲ.

2016ರ ಆಷಾಢದಲ್ಲಿ ನನ್ನ ಮದುವೆ ಆಯಿತು. ಜಾತಕ ಕೂಡಿಸಲಿಲ್ಲ, ಮುಹೂರ್ತ ಇಡಲಿಲ್ಲ, ವರದಕ್ಷಿಣೆ ಇರಲಿಲ್ಲ. ಈಗ ಮದುವೆ ವಯಸ್ಸಿನ ಹುಡುಗಿಯರು, ಅವರ ತಾಯಂದಿರು ಆಗಾಗ ಬಂದು ಕೇಳುತ್ತಾರೆ, "ಹ್ಯಾಂಗ ಮಾಡಿದ್ರಿ? ಹಿರ್‍ಯಾರು ಹ್ಯಾಂಗ ಒಪ್ಪಿದ್ರು?" ಅಂತ. ಕೆಲವರಿಗೆ ನಾವು ದೇವರು-ದಿಂಡರು ಬಿಟ್ಟವರು ಅನ್ನುವ ಭಾವನೆ ಇದೆ. ಅದು ನನಗೆ ನೋವು ಕೊಡುತ್ತದೆ. ನಾವು ತೆಗೆದುಕೊಂಡ ಒಂದೊಂದು ತೀರ್ಮಾನವೂ ಶ್ರದ್ಧೆಯಿಂದಲೇ ಬಂದದ್ದು. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮ ತವರುಮನೆ ಗದುಗಿಗೆ ಹೊಂದಿದ ಬೆಟಗೇರಿ. ಅಪ್ಪನದು ಸಣ್ಣ ಕಿರಾಣಿ ಅಂಗಡಿ. ನನ್ನ ಬಿಎಸ್‌ಸಿ ಮುಗಿದ ಮೇಲೆ ಅಪ್ಪ ಹುಡುಗನನ್ನು ಹುಡುಕಲು ಶುರು ಮಾಡಿದರು. ಬೀಗಸ್ತನದ ಮಾತು ಬಂದ ಕೂಡಲೇ ಮೊದಲು ಕೇಳುತ್ತಿದ್ದದ್ದು ಜಾತಕ. ಅದನ್ನು ತೆಗೆದುಕೊಂಡು ಹೋಗುವರು. ಎರಡು ದಿನ ಬಿಟ್ಟು ಫೋನು ಬರುವುದು, "ಗುಣ ಕೂಡಿ ಬರಲಿಲ್ರಿ." ಗುಣಗಳು ಒಟ್ಟು 36. ಕನಿಷ್ಠ 18 ಕೂಡಬೇಕು ಅನ್ನುತ್ತಾರೆ. ಕೆಲವರ ಜೊತೆ ನನ್ನದು ಅದಕ್ಕಿಂತ ಜಾಸ್ತಿಯೇ ಕೂಡಿತ್ತು. ಆದರೂ ಒಲ್ಲೆ ಅಂದರು. ಒಬ್ಬರು ಮಾತ್ರ ನೇರವಾಗಿ ಹೇಳಿದರು, "ನಿಮ್ಮ ಹುಡುಗಿ ಛಲೋ ಅದಾಳ್ರಿ. ಆದ್ರ ನಮ್ಮ ಮನ್ಯಾಗ ಹಿರ್‍ಯಾರು ಅದಾರ."

ಆ ಮಾತು ಕೇಳಿದ ದಿನ ಅವ್ವ ಊಟ ಮಾಡಲಿಲ್ಲ.

ನಾನು ಈಗ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಚಂದ್ರನ ಪಾಠ ಬಂದಾಗಲೆಲ್ಲ ಈ ಲೆಕ್ಕ ನೆನಪಾಗುತ್ತದೆ. ಚಂದ್ರ ಆಕಾಶದಲ್ಲಿ ಒಂದು ಸುತ್ತು ಬರಲು 27 ದಿನಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಆ ದಾರಿಯನ್ನು 27 ಪಾಲು ಮಾಡಿ ಒಂದೊಂದಕ್ಕೆ ಒಂದು ನಕ್ಷತ್ರದ ಹೆಸರಿಟ್ಟಿದ್ದಾರೆ. ಅಂದರೆ ಒಂದು ನಕ್ಷತ್ರಕ್ಕೆ ಸುಮಾರು ಒಂದು ದಿನ. ನಾನು ಹುಟ್ಟಿದ ದಿನ ಚಂದ್ರ ಮೂಲಾದಲ್ಲಿದ್ದ, ಅಷ್ಟೇ. ಮೂಲಾ, ಆಶ್ಲೇಷಾ, ಜ್ಯೇಷ್ಠಾ, ವಿಶಾಖಾ ಈ ನಾಲ್ಕನ್ನೂ ಸೇರಿಸಿ ನೋಡಿ. 27ರಲ್ಲಿ ನಾಲ್ಕು. ಹತ್ತಿರ ಹತ್ತಿರ ಏಳು ಹೆಣ್ಣುಮಕ್ಕಳಲ್ಲಿ ಒಬ್ಬಳು. ಒಂದು ತರಗತಿಯಲ್ಲಿ 28 ಹುಡುಗಿಯರಿದ್ದರೆ ನಾಲ್ವರ ಜಾತಕವನ್ನು ಯಾರೋ ಒಬ್ಬರು ಪಕ್ಕಕ್ಕೆ ಸರಿಸುತ್ತಾರೆ. ಈ ಲೆಕ್ಕ ನನಗೆ ಆಗಲೂ ಬರುತ್ತಿತ್ತು. ಆದರೆ ಲೆಕ್ಕ ಗೊತ್ತಿದ್ದ ಮಾತ್ರಕ್ಕೆ ಮನಸ್ಸಿಗೆ ಧೈರ್ಯ ಬರಲಿಲ್ಲ. ನಾನೇ ಏನೋ ಕೆಟ್ಟದ್ದನ್ನು ಹೊತ್ತು ತಿರುಗುತ್ತಿದ್ದೇನೆ ಅನ್ನಿಸುತ್ತಿತ್ತು.

ಆಗ ಕಾಕಾ ಒಂದು ದಾರಿ ಹೇಳಿದರು. ಕಾಕಾ ಅಂದರೆ ಅಪ್ಪನ ತಮ್ಮ. ನನ್ನ ಮೇಲೆ ಅವರಿಗೆ ಬಹಳ ಪ್ರೀತಿ. ಹುಟ್ಟಿದ ಹೊತ್ತನ್ನು ಬೇರೆ ಬರೆಸಿ ಹೊಸ ಜಾತಕ ಮಾಡಿಸಿದರೆ ನಕ್ಷತ್ರ ಪೂರ್ವಾಷಾಢಾಕ್ಕೆ ಹೋಗುತ್ತದೆ ಅಂದರು. "ಊರಾಗ ಎಲ್ಲಾರೂ ಮಾಡಸ್ತಾರ. ಯಾರಿಗೂ ಗೊತ್ತಾಗೂದಿಲ್ಲ." ಅಪ್ಪ ಅರ್ಧ ಒಪ್ಪಿದ್ದರು. ಅವ್ವ ಪೂರ್ತಿ ಒಪ್ಪಿದ್ದಳು. ನನಗೂ ಒಂದು ರಾತ್ರಿ ಅದೇ ಸರಿ ಅನ್ನಿಸಿತು. ಇಷ್ಟು ಸಣ್ಣ ತಿದ್ದುಪಡಿ, ಇಷ್ಟು ದೊಡ್ಡ ಬಿಡುಗಡೆ.

ಆ ದಿನಗಳಲ್ಲಿ ನಾನು ಮತ್ತು ಅವ್ವ ಸೋಮವಾರ ಸಂಜೆ ತೋಂಟದಾರ್ಯ ಮಠದ ಶಿವಾನುಭವಕ್ಕೆ ಹೋಗುತ್ತಿದ್ದೆವು. ಗದುಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿ ಸೋಮವಾರ ನಡೆಯುವ ಸಭೆ. ವಚನ ಹಾಡುತ್ತಾರೆ, ಯಾರಾದರೂ ಒಬ್ಬರು ಒಂದು ವಿಷಯದ ಮೇಲೆ ಮಾತಾಡುತ್ತಾರೆ. ಆಗ ಡಾ. ಸಿದ್ಧಲಿಂಗ ಸ್ವಾಮೀಜಿ ಇದ್ದರು. 1974ರಲ್ಲಿ ಪೀಠಕ್ಕೆ ಬಂದವರು. ಕನ್ನಡಕ್ಕಾಗಿ ನಡೆದ ಗೋಕಾಕ್ ಚಳವಳಿಯಲ್ಲಿ, ಕಪ್ಪತಗುಡ್ಡ ಉಳಿಸುವ ಹೋರಾಟದಲ್ಲಿ ಎಲ್ಲಾ ಜಾತಿ-ಧರ್ಮದವರನ್ನು ಜೊತೆಗೆ ಕರೆದುಕೊಂಡು ನಿಂತವರು. 2018ರ ಅಕ್ಟೋಬರ್ 20ರಂದು ಲಿಂಗೈಕ್ಯರಾದರು. ಅವರು ಹುಟ್ಟಿದ ಫೆಬ್ರವರಿ 21 ಈಗ ಭಾವೈಕ್ಯತಾ ದಿನ. ನಮ್ಮಂಥ ಸಾಮಾನ್ಯ ಮನೆಯವರಿಗೆ ಆ ಸೋಮವಾರಗಳು ಕೊಟ್ಟದ್ದನ್ನು ಬರೆದು ಮುಗಿಸಲು ಆಗುವುದಿಲ್ಲ.

ಒಂದು ಸೋಮವಾರ ಫ.ಗು. ಹಳಕಟ್ಟಿಯವರ ಬಗ್ಗೆ ಉಪನ್ಯಾಸ ಇತ್ತು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಯಪುರದಲ್ಲಿ ವಕೀಲರಾಗಿದ್ದವರು. ಮನೆಮನೆ ತಿರುಗಿ ತಾಡೋಲೆ ಕೂಡಿಸಿ, ದುಡಿದದ್ದನ್ನೆಲ್ಲ ವಚನಗಳನ್ನು ಅಚ್ಚು ಹಾಕಿಸಲು ಸುರಿದವರು. ಅದರ ನಡುವೆ ಬಸವಣ್ಣನವರ ಒಂದು ವಚನ ಹೇಳಿದರು. ಅದರ ತಾತ್ಪರ್ಯ ಇಷ್ಟು: ನಮ್ಮವರು ಬಂದು ಕೇಳಿದರೆ ಶುಭಲಗ್ನ ಅನ್ನಿರಿ. ರಾಶಿ ಕೂಡಿದೆ ಅನ್ನಿರಿ, ಚಂದ್ರಬಲ ತಾರಾಬಲ ಇದೆ ಅನ್ನಿರಿ. ನಾಳೆಗಿಂತ ಇವತ್ತೇ ಲೇಸು ಅನ್ನಿರಿ. ನೀವು ಮಾಡಿದ ಪೂಜೆಯ ಫಲ ನಿಮ್ಮದೇ.

ಈ ವಚನ ನಾನು ಮೊದಲೂ ಕೇಳಿದ್ದೆ. ಶಾಲೆಯಲ್ಲಿ ಬಾಯಿಪಾಠ ಕೂಡ ಮಾಡಿದ್ದೆ. ಆ ದಿನ ಮಾತ್ರ ಅದು ನನಗೇ ಹೇಳಿದ ಹಾಗಿತ್ತು. ಎಂಟುನೂರು ವರ್ಷಕ್ಕೂ ಹಿಂದೆ ಒಬ್ಬರು ಇಷ್ಟು ಸ್ಪಷ್ಟವಾಗಿ ಹೇಳಿ ಹೋಗಿದ್ದಾರೆ. ದಿನಾ ವಿಭೂತಿ ಹಚ್ಚುವ ನಮ್ಮ ಮನೆಯಲ್ಲಿ ನಾವು ಅದೇ ತಾರಾಬಲಕ್ಕಾಗಿ ಸುಳ್ಳು ಹೊತ್ತು ಬರೆಸಲು ಹೊರಟಿದ್ದೆವು. ಮನೆಗೆ ನಡೆದು ಬರುವಾಗ ಅವ್ವನಿಗೆ ಹೇಳಿದೆ, "ಬ್ಯಾರೆ ಜಾತಕ ಬ್ಯಾಡವ್ವಾ. ಇದ್ದ ಜಾತಕಾನೂ ಇನ್ನ ಯಾರಿಗೂ ಕೊಡೂದು ಬ್ಯಾಡ."

ಅವ್ವ ದಾರಿಯುದ್ದಕ್ಕೂ ಮಾತಾಡಲಿಲ್ಲ.

ಮನೆಯಲ್ಲಿ ದೊಡ್ಡ ಜಗಳ ಏನೂ ಆಗಲಿಲ್ಲ. ಅಪ್ಪ ಒಂದೇ ಪ್ರಶ್ನೆ ಕೇಳಿದರು, "ಹಂಗಾದ್ರ ಯಾರು ಬರ್ತಾರವಾ?" ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಯಾರೂ ಬರದೆ ಹೋಗಬಹುದು ಅನ್ನುವುದು ನನಗೂ ಗೊತ್ತಿತ್ತು. ಶ್ರದ್ಧೆಯಿಂದ ಒಂದು ತೀರ್ಮಾನ ಮಾಡಿದರೆ ದೇವರು ತಕ್ಷಣ ಫಲ ಕೊಡುತ್ತಾನೆ ಅಂತ ನಾನು ನಂಬಿದವಳಲ್ಲ, ಈಗಲೂ ನಂಬುವುದಿಲ್ಲ. ಆದರೆ ಸುಳ್ಳು ಹೇಳಿ ಒಂದು ಮನೆ ಸೇರಿದರೆ, ಆ ಮನೆಯಲ್ಲಿ ಯಾರಿಗೆ ನೆಗಡಿ ಬಂದರೂ ನನ್ನ ಎದೆ ಹೊಡೆದುಕೊಳ್ಳುತ್ತದೆ ಅನ್ನುವುದು ಖಾತ್ರಿಯಿತ್ತು. ಹಾಗೆ ಬದುಕಲು ನನಗೆ ಇಷ್ಟ ಇರಲಿಲ್ಲ.

ಅದೇ ವರ್ಷ ನಾನು ಇಷ್ಟಲಿಂಗ ದೀಕ್ಷೆ ತೆಗೆದುಕೊಂಡೆ. ಹುಟ್ಟಿದಾಗ ಲಿಂಗ ಕಟ್ಟಿದ್ದರು ನಿಜ. ಅದು ದೇವರ ಜಗುಲಿಯ ಮೇಲೆ ಬೆಳ್ಳಿ ಕರಡಿಗೆಯಲ್ಲಿ ಇತ್ತು, ಹಬ್ಬಕ್ಕೆ ಮಾತ್ರ ಕೊರಳಿಗೆ ಬರುತ್ತಿತ್ತು. ಈ ಸಲ ಅರಿತು ತೆಗೆದುಕೊಂಡೆ. ಬೆಳಿಗ್ಗೆ ಸ್ನಾನ ಮಾಡಿ ಹೋಗಿ ಕುಳಿತೆ. ಗುರುಗಳು ಹಣೆಗೆ ವಿಭೂತಿ ಹಚ್ಚಿದರು, ರುದ್ರಾಕ್ಷಿ ಹಾಕಿದರು. ಕಿವಿಯಲ್ಲಿ ಮಂತ್ರ ಹೇಳಿ ಎಡ ಅಂಗೈ ಮೇಲೆ ಲಿಂಗ ಇಟ್ಟರು. ಅದನ್ನು ಎದೆಯ ಮಟ್ಟಕ್ಕೆ ಹಿಡಿದು ರೆಪ್ಪೆ ಬಡಿಯದೆ ನೋಡುವುದನ್ನು ಕಲಿಸಿದರು. ಮೊದಮೊದಲು ಕಣ್ಣಲ್ಲಿ ನೀರು ಬರುತ್ತಿತ್ತು, ಕೈ ನಡುಗುತ್ತಿತ್ತು. ಆಮೇಲೆ ರೂಢಿ ಆಯಿತು. ಮಧ್ಯದಲ್ಲಿ ಯಾರೂ ಇಲ್ಲ. ಪುರೋಹಿತರಿಲ್ಲ, ಪಂಚಾಂಗ ಇಲ್ಲ. ನನ್ನ ಕೈ, ನನ್ನ ಲಿಂಗ. ದಿನಾ ಬೆಳಿಗ್ಗೆ ಹಾಗೆ ಕುಳಿತ ಮೇಲೆ ನನ್ನ ಬಗ್ಗೆ ನನಗಿದ್ದ ಆ ಕೆಟ್ಟ ಭಾವನೆ ನಿಧಾನಕ್ಕೆ ಕರಗಿತು. ನನ್ನ ಬದುಕಿನಲ್ಲಿ ಏನಾದರೂ ಬದಲಾಗಿದ್ದರೆ ಅದು ಅಲ್ಲಿಂದ ಶುರು. ಮದುವೆ ಆಮೇಲಿನ ಮಾತು.

ಸಂಬಂಧ ಬಂದದ್ದು ಶಿವಾನುಭವಕ್ಕೆ ಬರುತ್ತಿದ್ದ ನಿವೃತ್ತ ಮಾಸ್ತರರೊಬ್ಬರಿಂದ. ರೋಣ ತಾಲ್ಲೂಕಿನ ಹಳ್ಳಿ. ಎರಿ ಹೊಲ, ಹೆಸರು, ಕಡಲೆ, ಒಣಮೆಣಸಿನಕಾಯಿ ಬೆಳೆಯುವ ಮನೆ. ಹುಡುಗ ಡಿಪ್ಲೊಮಾ ಮಾಡಿ ಗದುಗಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದರು. ಮಾಸ್ತರರು ಮೊದಲೇ ಅಪ್ಪನಿಗೆ ಹೇಳಿದ್ದರು, ಎಲ್ಲ ಬಿಚ್ಚಿ ಹೇಳಿಬಿಡಿ ಅಂತ. ಹಾಗಾಗಿ ಅವರು ಬಂದು ಕುಳಿತು, ಚಹಾ ಕುಡಿಯುವ ಮೊದಲೇ ಅಪ್ಪ ಹೇಳಿದರು, "ಹುಡುಗಿ ನಕ್ಷತ್ರ ಮೂಲಾ ಐತ್ರಿ. ನಿಮಗ ಗೊತ್ತಿರಬೇಕು. ಜಾತಕ ನಾವು ಕೊಡೂದಿಲ್ಲ, ಆದ್ರ ಮುಚ್ಚಿಡೂದೂ ಇಲ್ಲ."

ನನ್ನ ಮಾವನವರು ಕಪ್ಪು-ಬಸಿ ಕೆಳಗೆ ಇಟ್ಟರು. ಅಲ್ಲಿ ಕೇಡಿನ ಮಾತು ಇದ್ದದ್ದು ಅವರಿಗೇ ತಾನೇ. ಅವರು ಹೇಳಿದ್ದು ಇಷ್ಟು: "ನನಗ ಸಕ್ಕರಿ ಬ್ಯಾನಿ ಬಂದು ಹತ್ತು ಹನ್ನೆರಡು ವರ್ಷ ಆತ್ರಿ. ನಾಳೆ ಏನರ ಆದ್ರ ಈ ಕೂಸಿನ ಮ್ಯಾಲೆ ಹಾಕ್ತಾರ. ಅದನ್ನ ತಡಕೊಳ್ಳೂ ಶಕ್ತಿ ಐತೇನ ಕೇಳ್ರಿ ಆಕೀನ್ನ. ನನ್ನದು ಬಿಡ್ರಿ."

ಆಮೇಲೆ ನನ್ನ ಕಡೆ ತಿರುಗಿ ಮುಂದೆ ಓದಬೇಕು ಅಂತ ಇದೆಯಾ ಎಂದು ಕೇಳಿದರು. ಬಿಎಡ್ ಮಾಡಬೇಕು ಅಂದೆ.

ಅತ್ತೆಯವರು ಮಾತ್ರ ಹೂಂ ಅನ್ನಲಿಲ್ಲ. ಹೊರಡುವಾಗ ಅವ್ವನ ಕೈ ಹಿಡಿದು ಹೇಳಿದರು, "ನನ್ನ ಗಂಡನ ಜೀವದ ಮಾತ ಐತ್ರಿ ಅಕ್ಕಾ. ಸುಮ್ನ ಹೂಂ ಅನ್ನಾಕ ನನಗ ಬರೂದಿಲ್ಲ. ಒಂದಿಷ್ಟು ದಿನ ಕೊಡ್ರಿ." ಆ ಮಾತಿನಿಂದ ನನಗೆ ಬೇಸರ ಆಗಲಿಲ್ಲ. ಅವರು ಹೆದರಿದ್ದು ಸಹಜ. ಹೆದರಿಕೆ ಇದ್ದದ್ದನ್ನು ಇದೆ ಅಂದರು, ಗುಣ ಕೂಡಲಿಲ್ಲ ಅನ್ನುವ ನೆಪ ಹೇಳಲಿಲ್ಲ. ಹದಿನೈದು ದಿನದ ಮೇಲೆ ಅವರೇ ನಮ್ಮ ಮನೆಗೆ ಬಂದರು. ದಿನಾ ಲಿಂಗಪೂಜೆಗೆ ಕುಳಿತಾಗ ಇದೊಂದನ್ನೇ ಕೇಳಿಕೊಂಡೆ, ಹೆದರಿಕೆ ಪೂರಾ ಹೋಗಿಲ್ಲ, ಆದರೆ ಹೆದರಿಕೆಯ ಮಾತು ಕೇಳಿ ಒಂದು ಕೂಸನ್ನು ಬಿಟ್ಟು ಹೋಗಲು ಮನಸ್ಸು ಒಪ್ಪುತ್ತಿಲ್ಲ ಅಂದರು. ಅತ್ತೆಯವರ ಆ ತೀರ್ಮಾನ ನಮ್ಮೆಲ್ಲರ ತೀರ್ಮಾನಕ್ಕಿಂತ ದೊಡ್ಡದು. ನಾನು, ಅಪ್ಪ, ಮಾವ ನಂಬಿಕೆಯಿಂದ ಹೂಂ ಅಂದೆವು. ಅವರು ಅಂಜಿಕೆ ಇಟ್ಟುಕೊಂಡೇ ಹೂಂ ಅಂದರು.

ದಿನಾಂಕದ ಮಾತು ಬಂದಾಗ ಮಾವನವರೇ ಆಷಾಢ ಅಂದರು. ಅದಕ್ಕೆ ಕಾರಣವೂ ಇತ್ತು. ಶ್ರಾವಣದ ಹೊತ್ತಿಗೆ ಹೆಸರು ಕಟಾವಿಗೆ ಬರುತ್ತದೆ, ಆಮೇಲೆ ಹಿಂಗಾರಿ ಕೆಲಸ. ಬಿಎಡ್ ಪ್ರವೇಶದ ದಿನವೂ ಹತ್ತಿರ ಇತ್ತು. ಇದೆಲ್ಲ ನೋಡಿ ಜುಲೈನಲ್ಲಿ ಒಂದು ರವಿವಾರ ಗೊತ್ತು ಮಾಡಿದೆವು. ಶಾಲೆ ರಜೆ, ನೌಕರಿ ಮಾಡುವವರಿಗೂ ರಜೆ. ಆಷಾಢದಲ್ಲಿ ಮದುವೆ ಹಾಲ್‌ಗಳು ಖಾಲಿ ಇರುತ್ತವೆ. ಬಾಡಿಗೆ ಕಡಿಮೆ, ಅಡುಗೆಯವರು ಸಿಗುತ್ತಾರೆ, ಹೂವು ಸೋವಿ. ಮದುವೆ ಸೀಸನ್‌ನಲ್ಲಿ ಇದೇ ಗದುಗಿನಲ್ಲಿ ಒಂದು ಹಾಲ್ ಹಿಡಿಯಲು ಎಷ್ಟು ಪರದಾಡಬೇಕು ಅಂತ ಮದುವೆ ಮಾಡಿದವರಿಗೆ ಗೊತ್ತು.

ಲಗ್ನಪತ್ರಿಕೆ ಅಚ್ಚು ಹಾಕಿಸುವಾಗ ಪ್ರೆಸ್ಸಿನವರು ಮುಹೂರ್ತದ ಹೊತ್ತು ಕೇಳಿದರು. "ಬೆಳಿಗ್ಗೆ 11 ಗಂಟೆ" ಅಂತ ಹಾಕಿಸಿದೆವು. ಲಗ್ನ, ನಕ್ಷತ್ರ, ನಿಮಿಷ ಯಾವುದೂ ಇಲ್ಲ. ಆ ಪತ್ರಿಕೆ ಕೈಗೆ ಬಂದಾಗ ನೆಂಟರಲ್ಲಿ ಗುಸುಗುಸು ಶುರುವಾಯಿತು. ಮೂಲಾ ನಕ್ಷತ್ರ, ಮೇಲೆ ಆಷಾಢ. ಕಾಕಾ ಬರುವುದಿಲ್ಲ ಅಂದರು. ಅಪ್ಪ ಹೋಗಿ ಕರೆದರು, ಅವ್ವ ಹೋಗಿ ಕರೆದಳು, ನಾನೂ ಹೋದೆ. "ನಿನ್ನ ಮ್ಯಾಲಿನ ಸಿಟ್ಟಲ್ಲವಾ. ಕಣ್ಣಿಂದ ನೋಡಾಕ ನನಗ ಆಗೂದಿಲ್ಲ" ಅಂದರು. ಅವರು ಬರಲಿಲ್ಲ.

ಮದುವೆ ವಚನದ ಕ್ರಮದಲ್ಲಿ ಆಯಿತು. ನಡೆಸಿಕೊಟ್ಟವರು ಬಸವ ಬಳಗದ ಹಿರಿಯ ಶರಣರೊಬ್ಬರು. ಮೊದಲು ಇಬ್ಬರೂ ಇಷ್ಟಲಿಂಗ ಪೂಜೆ ಮಾಡಿಕೊಂಡೆವು. ಆಮೇಲೆ ಎರಡೂ ಕಡೆಯ ತಂದೆ-ತಾಯಿಯರು ಬಂದು ಸಮ್ಮತಿ ಹೇಳಿದರು. ನಾವು ಪ್ರತಿಜ್ಞೆ ಓದಿದೆವು. ಕಾಯಕ ಮಾಡಿ ಉಣ್ಣುತ್ತೇವೆ, ದಾಸೋಹ ಮರೆಯುವುದಿಲ್ಲ, ಒಬ್ಬರನ್ನೊಬ್ಬರು ಕೀಳಾಗಿ ಕಾಣುವುದಿಲ್ಲ, ಹೀಗೆ ಸರಳ ಕನ್ನಡದಲ್ಲಿ. ಕುಳಿತವರಿಗೆಲ್ಲ ಪ್ರತಿ ಮಾತೂ ತಿಳಿಯುತ್ತಿತ್ತು. ಅವರು ನನಗೆ ತಾಳಿ ಕಟ್ಟಿದರು, ನಾನು ಅವರಿಗೆ ರುದ್ರಾಕ್ಷಿ ಕಟ್ಟಿದೆ. ಅಕ್ಕಿಕಾಳಿನ ಬದಲು ಹೂವಿನ ಎಸಳು ಹಾಕಿದರು. ಉಣ್ಣುವ ಕಾಳು ಕಾಲಕೆಳಗೆ ಬೀಳಬಾರದು ಎಂದು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ-ಸಾರು. ಮಧ್ಯಾಹ್ನದೊಳಗೆ ಊಟ ಮುಗಿದು ದೂರದವರು ಬಸ್ಸು ಹತ್ತಿದರು.

ಮಾರನೇ ವಾರ ಉಪನೋಂದಣಿ ಕಚೇರಿಗೆ ಹೋಗಿ ಮದುವೆ ನೋಂದಣಿ ಮಾಡಿಸಿದೆವು. ಇದನ್ನು ಯಾರೂ ಬಿಡಬಾರದು. ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ವಿಳಾಸಕ್ಕೆ ಆಧಾರ್, ಲಗ್ನಪತ್ರಿಕೆ, ಇಬ್ಬರೂ ಜೊತೆಗಿರುವ ಮದುವೆಯ ಫೋಟೊ, ಮೂವರು ಸಾಕ್ಷಿಗಳು. ಆಗ ಅರ್ಜಿ ಕೈಯಲ್ಲಿ ತುಂಬಿ ಕೊಟ್ಟಿದ್ದೆವು. ಈಗ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಪುರೋಹಿತರಿಲ್ಲದ ಮದುವೆ ಕಾನೂನಿಗೆ ನಡೆಯುತ್ತದೋ ಇಲ್ಲವೋ ಅಂತ ಹೆದರಿಸುವ ನೆಂಟರು ಎಲ್ಲ ಕಡೆ ಇರುತ್ತಾರೆ. ಹಿಂದೂ ವಿವಾಹ ಕಾಯ್ದೆ ಪ್ರಕಾರ ಹುಡುಗ ಅಥವಾ ಹುಡುಗಿಯ ಕಡೆಯ ರೂಢಿಯ ವಿಧಿಯಲ್ಲಿ ಮದುವೆ ಮಾಡಬಹುದು. ನೋಂದಣಿ ಪತ್ರ ಕೈಯಲ್ಲಿದ್ದರೆ ಆ ಮಾತು ಅಲ್ಲಿಗೇ ನಿಲ್ಲುತ್ತದೆ.

ಮದುವೆ ಆಗಿ ಹತ್ತು ದಿನಕ್ಕೆ, ಜುಲೈ 27ಕ್ಕೆ, ಮಹದಾಯಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂತು. ನಮ್ಮ ಕಡೆಗೆ ನೀರು ಸಿಗಲಿಲ್ಲ. ನರಗುಂದ, ನವಲಗುಂದದಲ್ಲಿ ಬೆಂಕಿ ಬಿದ್ದ ಹಾಗಾಯಿತು. ಬಸ್ಸು ನಿಂತವು, 30ಕ್ಕೆ ಕರ್ನಾಟಕ ಬಂದ್ ಆಯಿತು. ನಮ್ಮ ಮದುವೆ ಅದೇ ವಾರ ಇದ್ದಿದ್ದರೆ ಅರ್ಧ ನೆಂಟರು ಬರಲು ಆಗುತ್ತಿರಲಿಲ್ಲ. ಆಗ ಎಲ್ಲರೂ ಆಷಾಢ ಮಾಡಿದ್ದಕ್ಕೇ ಹೀಗಾಯಿತು ಅನ್ನುತ್ತಿದ್ದರು. ಸುಸೂತ್ರವಾಗಿ ಆದದ್ದಕ್ಕೆ ಮಾತ್ರ ಆಷಾಢ ಕಾರಣ ಅಂತ ಯಾರೂ ಹೇಳಲಿಲ್ಲ.

ಅಪ್ಪ ವರ್ಷಗಟ್ಟಲೆ ನನ್ನ ಮದುವೆಗೆಂದು ಪಿಗ್ಮಿ ಕಟ್ಟಿದ್ದರು. ಆ ದುಡ್ಡಿನಲ್ಲಿ ದೊಡ್ಡ ಪಾಲು ಉಳಿಯಿತು. ವರೋಪಚಾರ ಅಂತ ಮಾವನವರು ಒಂದು ಪೈಸೆ ಮುಟ್ಟಲಿಲ್ಲ. ಆ ದುಡ್ಡಿನಲ್ಲಿ ನಾನು ಬಿಎಡ್ ಮಾಡಿದೆ. 2015ರಿಂದ ಬಿಎಡ್ ಎರಡು ವರ್ಷದ ಕೋರ್ಸ್ ಆಗಿತ್ತು, ಖರ್ಚೂ ಜಾಸ್ತಿ. ಜಾತಕ ಬದಲಿಸಿ, ವರದಕ್ಷಿಣೆ ಕೊಟ್ಟು, ಸೀಸನ್‌ನಲ್ಲಿ ಮದುವೆ ಮಾಡಿದ್ದರೆ ನಾನು ಬಿಎಡ್ ಓದುತ್ತಿರಲಿಲ್ಲ. ನನ್ನ ಇವತ್ತಿನ ನೌಕರಿ ಆ ಆಷಾಢದ ರವಿವಾರದಿಂದ ನೇರವಾಗಿ ಬಂದದ್ದು. ಇದನ್ನು ನಾನು ಶಾಲೆಯ ಹುಡುಗಿಯರಿಗೂ ಹೇಳುತ್ತೇನೆ, ಅವರ ಅಪ್ಪಂದಿರು ಸಿಕ್ಕರೆ ಅವರಿಗೂ ಹೇಳುತ್ತೇನೆ.

ಇಲ್ಲಿಗೆ ಮುಗಿಸಿದರೆ ಇದು ಸುಖದ ಕಥೆ. ಆದರೆ ನಡೆದದ್ದು ಹಾಗಲ್ಲ.

ಮದುವೆಯಾಗಿ ಎರಡು ವರ್ಷ ದಾಟುವಾಗ ಮಾವನವರ ಕಾಲು ಬಾಯತೊಡಗಿದವು. ಹಳೆಯ ಸಕ್ಕರೆ ಕಾಯಿಲೆ ಮೂತ್ರಪಿಂಡ ತಿಂದಿತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಬೆಳಿಗ್ಗೆ ಕರೆದುಕೊಂಡು ಹೋದರೆ ನಾಲ್ಕು ತಾಸು ಅವರು ಯಂತ್ರದ ಪಕ್ಕ ಮಲಗಿರಬೇಕು. ನೀರು ಅಳೆದು ಕುಡಿಯಬೇಕು. ಉಪ್ಪು, ಬಾಳೆಹಣ್ಣು, ಎಳನೀರು ಎಲ್ಲ ಬಂದ್. ಹೊಲದಲ್ಲಿ ಬಿಸಿಲಿಗೆ ಕೊಡ ಎತ್ತಿ ಗಟಗಟ ನೀರು ಕುಡಿದ ಮನುಷ್ಯ ಒಂದು ಸಣ್ಣ ಲೋಟ ಮುಂದೆ ಇಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುವುದನ್ನು ನೋಡಲು ಆಗುತ್ತಿರಲಿಲ್ಲ.

ನೆಂಟರ ಬಾಯಲ್ಲಿ ಮೂಲಾ ಮತ್ತೆ ಬಂತು. ನೋಡಲು ಬಂದವರು ನನ್ನ ಮುಂದೆ ಸುಮ್ಮನಿರುವರು, ಅಡುಗೆಮನೆಯಲ್ಲಿ ಅತ್ತೆಯವರ ಹತ್ತಿರ ಪಿಸುಗುಟ್ಟುವರು. ನನಗೆ ಕೇಳಿಸುತ್ತಿತ್ತು. ಎಷ್ಟೇ ಓದಿದರೂ, ಎಷ್ಟೇ ಪೂಜೆ ಮಾಡಿದರೂ ಆ ಮಾತು ಎಲ್ಲೋ ಒಳಗೆ ಇಳಿಯುತ್ತದೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ ಲಿಂಗ ಹಿಡಿದು ಕುಳಿತರೆ ದೃಷ್ಟಿ ನಿಲ್ಲುತ್ತಿರಲಿಲ್ಲ. ಆದರೂ ಕುಳಿತೆ.

ಒಂದು ಸಲ ಆಸ್ಪತ್ರೆಯಲ್ಲಿ ಮಾವನವರನ್ನು ನೋಡಲು ಬಂದ ನೆಂಟರೊಬ್ಬರು ನಾನು ಇರುವಾಗಲೇ ಆ ಮಾತು ಎತ್ತಿದರು. ಮಾವನವರು ಮಲಗಿದಲ್ಲಿಂದಲೇ ಹೇಳಿದರು, "ಸಕ್ಕರಿ ಬ್ಯಾನಿ ನನಗ ಬಂದು ಹದಿನೈದು ವರ್ಷ ಆತು. ಈ ನಮ್ಮವ್ವ ಬಂದು ಮೂರು ವರ್ಷ. ಗುಳಿಗಿ ತಪ್ಪಿಸಿದಾಂವ ನಾನು. ಆಕೀ ನಕ್ಷತ್ರಕ್ಕ ಯಾಕ ಬೈತೀಪಾ?" ಅವರು ನನ್ನನ್ನು ನಮ್ಮವ್ವ ಅಂತಲೇ ಕರೆಯುತ್ತಿದ್ದರು. ಮನೆಗೆ ಬಂದ ಮೇಲೆ ನನ್ನ ಗಂಡನಿಗೆ ಒಂದು ಮಾತು ಹೇಳಿದರು. ತಾವು ಹೋದ ಮೇಲೆ ಯಾರಾದರೂ ಹೀಗೆ ಮಾತಾಡಿದರೆ ಉತ್ತರ ಕೊಡುವ ಕೆಲಸ ಸೊಸೆಯದಲ್ಲ, ಮಗನದು.

2019ರ ಕೊನೆಗೆ ಅವರು ಲಿಂಗೈಕ್ಯರಾದರು.

ಹೊಲದಲ್ಲೇ ಸಮಾಧಿ ಮಾಡಿದರು. ಕುಳ್ಳಿರಿಸಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು. ನಾನು ಹತ್ತಿರವೇ ನಿಂತಿದ್ದೆ. ಹೆಣ್ಣುಮಕ್ಕಳು ಅಲ್ಲಿಗೆ ಬರಬಾರದು ಅಂತ ಒಬ್ಬರು ಅಂದರು. ನನ್ನ ಗಂಡ ಅವರನ್ನು ನೋಡಿದರಷ್ಟೇ, ಮಾತಾಡಲಿಲ್ಲ. ಅವರು ಮತ್ತೆ ಅನ್ನಲಿಲ್ಲ.

ಅತ್ತೆಯವರ ಬಗ್ಗೆ ಬರೆಯಲೇಬೇಕು. ಮೂರು ವರ್ಷದ ಹಿಂದೆ ಅಂಜುತ್ತಾ ಹೂಂ ಅಂದಿದ್ದ ಹೆಣ್ಣುಮಗಳು. ಅಂಜಿದ್ದೇ ಆಗಿತ್ತು. ನನ್ನನ್ನು ದೂರ ಇಡಲು ಅವರಿಗೆ ಇಡೀ ಊರಿನ ಬೆಂಬಲ ಇತ್ತು. ಮಣ್ಣು ಮುಗಿಸಿ ಬಂದ ಸಂಜೆ ಮನೆ ತುಂಬಾ ಜನ. ಒಬ್ಬಿಬ್ಬರು ಹಿರಿಯ ಹೆಂಗಸರು ಅವರ ಬಳೆ ಒಡೆಯಲು, ಕುಂಕುಮ ಒರೆಸಲು ಎದ್ದರು. ಅತ್ತೆಯವರು ಕೈ ಹಿಂದೆ ತೆಗೆದುಕೊಂಡರು. "ಬ್ಯಾಡ್ರಿ. ಅವರು ಬ್ಯಾಡ ಅಂದು ಹೋಗ್ಯಾರ. ನಂದೂ ಒಪ್ಪಿಗಿ ಇಲ್ಲ" ಅಂದರು. ಶರಣರು ಐದು ಸೂತಕ ಇಲ್ಲ ಅಂದಿದ್ದಾರೆ. ಜನನ, ಮರಣ, ರಜ ಅಂದರೆ ಮುಟ್ಟು, ಉಚ್ಛಿಷ್ಟ ಅಂದರೆ ಎಂಜಲು, ಜಾತಿ. ಇದನ್ನು ಶಿವಾನುಭವದಲ್ಲಿ ಎಷ್ಟೋ ಸಲ ಕೇಳಿದ್ದೆ. ಅದನ್ನು ಪಾಲಿಸಲು ಎಷ್ಟು ಗಟ್ಟಿ ಎದೆ ಬೇಕು ಅಂತ ಆ ಸಂಜೆ ನೋಡಿದೆ. ಆಮೇಲೆ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಬಂದವರೆಲ್ಲ ಹೋಗುವವರೆಗೂ ನನ್ನ ಕೈ ಬಿಡಲಿಲ್ಲ.

ಆ ರಾತ್ರಿ ಅವರನ್ನು ಕೇಳಿದೆ, "ಅತ್ತೀ, ನಿಮಗ ಒಮ್ಮ್ಯಾರ ಅನ್ನಿಸಲಿಲ್ಲೇನ್ರಿ?" ಅವರು ಸುಳ್ಳು ಹೇಳಲಿಲ್ಲ. "ಅನ್ನಿಸೈತಿ. ಡಾಕ್ಟರು ಕಿಡ್ನಿ ಅಂದ ದಿನ ಅನ್ನಿಸಿತ್ತು. ಮರುದಿನ ಪೂಜಿಗೆ ಕುಂತಾಗ ನಾಚಿಕ್ಯಾತು" ಅಂದರು. ಅದಾದ ಮೇಲೆ ನಮ್ಮಿಬ್ಬರ ನಡುವೆ ಆ ಮಾತು ಮತ್ತೆ ಬಂದಿಲ್ಲ.

ನನ್ನ ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಹೊತ್ತು ಬರೆದುಕೊಂಡರು. ಅದು ಜನನ ದಾಖಲೆಗೆ. ಜಾತಕ ಬರೆಸಲಿಲ್ಲ. ಅವಳ ನಕ್ಷತ್ರ ಯಾವುದು ಅಂತ ನಾನು ನೋಡಿಲ್ಲ.

ನನ್ನ ನಾದಿನಿಯ ಮದುವೆ ಮಾತು ಬಂದಾಗ ಅತ್ತೆಯವರೇ ಮುಂದೆ ಕುಳಿತರು. ಮೊದಲು ಬಂದ ಬೀಗರು ಜಾತಕ ಕೇಳಿದರು. "ನಮ್ಮನ್ಯಾಗ ಜಾತಕದ ಮ್ಯಾಲೆ ಬೀಗಸ್ತನ ಮಾಡೂದಿಲ್ರಿ. ಹುಡುಗೀ ಓದು, ಆರೋಗ್ಯ, ನಡತಿ ಏನ ಕೇಳ್ತೀರಿ ಕೇಳ್ರಿ. ನಿಮ್ಮ ಹುಡುಗಂದು ನಾವೂ ಕೇಳ್ತೀವಿ" ಅಂದರು. ಅವರು ಮತ್ತೆ ಬರಲಿಲ್ಲ. ಇನ್ನೊಂದು ಸಂಬಂಧಕ್ಕೆ ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು. ಆ ವರ್ಷ ಸುಲಭದ್ದಾಗಿರಲಿಲ್ಲ. ನಾದಿನಿ ಒಂದೆರಡು ಸಲ ಅತ್ತಳು. ಮದುವೆಯ ದಿನ ಮಗಳ ಸಮ್ಮತಿಗೆ ತಾಯಿಯಾಗಿ ಎದ್ದು ನಿಂತವರು, ಮೊದಲ ಹೂವಿನ ಎಸಳು ಹಾಕಿದವರು ಅತ್ತೆಯವರೇ. ಗಂಡ ಸತ್ತವಳು ಮಂಟಪಕ್ಕೆ ಬರಬಾರದು ಅನ್ನುವ ಮಾತು ಬರಬಹುದು ಅಂದುಕೊಂಡಿದ್ದೆವು. ಬರಲಿಲ್ಲ. ಬಂದಿದ್ದರೂ ಉತ್ತರ ತಯಾರಿತ್ತು.

ಈಗ ಕೇಳಲು ಬರುವವರಿಗೆ ನಾನು ಮೊದಲು ಹೇಳುವುದು, ಮುಚ್ಚಿಡಬೇಡಿ ಅಂತ. ನಕ್ಷತ್ರ ಮುಚ್ಚಿಟ್ಟು ಆದ ಮದುವೆಯಲ್ಲಿ ನನ್ನ ಮಾವನಂಥ ಮಾವ ಸಿಗಲು ದಾರಿಯೇ ಇಲ್ಲ. ಎದುರಿನವರು ಹೆದರಿದರೆ ಅವರಿಗೆ ಸಮಯ ಕೊಡಿ, ಅವರನ್ನು ಕೆಟ್ಟವರು ಅನ್ನಬೇಡಿ. ಕಾಯಿಲೆ, ವಯಸ್ಸು, ಸಾಲ, ಕುಡಿತ ಇವುಗಳ ಬಗ್ಗೆ ಎರಡೂ ಕಡೆ ಬಿಚ್ಚಿ ಮಾತಾಡಿ. ಮದುವೆಯ ದುಡ್ಡಿನಲ್ಲಿ ಎಷ್ಟು ಉಳಿಯುತ್ತದೆ, ಅದು ಹುಡುಗಿಯ ಯಾವ ಓದಿಗೆ ಹೋಗುತ್ತದೆ ಅಂತ ಮೊದಲೇ ಬರೆದಿಡಿ. ನೋಂದಣಿ ತಪ್ಪಿಸಬೇಡಿ. ಸಾಕ್ಷಿ ಹಾಕಲು ನಿಮ್ಮ ನೆಂಟರು ಯಾರೂ ಬರಲಿಲ್ಲ ಅಂದರೆ ನಮಗೆ ಹೇಳಿ. ನಾನು, ನನ್ನ ಗಂಡ, ಅತ್ತೆ, ಮೂವರಾಗುತ್ತೇವೆ. ಕಚೇರಿಗೆ ಬರುವಾಗ ಆಧಾರ್ ಕಾರ್ಡು ತರುತ್ತೇವೆ.